ರಜೆಗೆ ಊರಿಗೆ ಹೋಗುವ ಮುನ್ನ: ಸಗಣಿ ಗುಂಡಿ, ಬಾವಿ ನೀರು ಮತ್ತು ಹಸುಗೂಸು



ಈ ಸಲದ ಲೇಖನ ನಿಮ್ಮ ಮುಂಬಯಿ, ಪುಣೆ, ಹೈದರಾಬಾದ್ ಮನೆಯ ನಲ್ಲಿ ನೀರಿನ ಬಗ್ಗೆ ಅಲ್ಲ. ರಜೆಗೆ, ಜಾತ್ರೆಗೆ, ಬಾಣಂತನಕ್ಕೆ ನೀವು ಹೋಗುವ ಊರಿನ ಮನೆಯ ಬಾವಿಯ ಬಗ್ಗೆ. ಆ ಬಾವಿಯಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಸಗಣಿ, ಗಂಜಲ, ತೊಳೆದ ನೀರು ಎಲ್ಲ ಸೇರುವ ಒಂದು ಗುಂಡಿ. ನಮ್ಮಲ್ಲಿ ಹೆಚ್ಚಿನವರ ಮನೆಯ ಚಿತ್ರ ಇದೇ. ಚಿಕ್ಕಂದಿನಿಂದ ನೋಡಿದ್ದರಿಂದ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಮೊದಲೆಲ್ಲ ದೊಡ್ಡ ತಪ್ಪೂ ಇರಲಿಲ್ಲ. ಎರಡೋ ಮೂರೋ ದನ, ಒಣ ಸೊಪ್ಪು ಹಾಸಿದ ಹಟ್ಟಿ. ಸಗಣಿ ಗಟ್ಟಿಯಾಗಿ ತಿಪ್ಪೆಗೆ ಹೋಗುತ್ತಿತ್ತು, ಗಂಜಲವನ್ನು ಸೊಪ್ಪು ಹೀರುತ್ತಿತ್ತು. ಈಗ ಊರಿನಲ್ಲಿರುವ ತಮ್ಮನೋ ಚಿಕ್ಕಪ್ಪನೋ ಡೇರಿ ನಂಬಿಕೊಂಡು ಹತ್ತು ಎಚ್‌ಎಫ್ ಹಸು ಕಟ್ಟಿದ್ದಾರೆ. ಸಿಮೆಂಟಿನ ನೆಲ, ಪೈಪು ಹಿಡಿದು ತೊಳೆಯುವುದು. ಸೊಪ್ಪು ಹೋಯಿತು, ನೀರು ಬಂತು. ಗಟ್ಟಿ ಗೊಬ್ಬರದ ಜಾಗದಲ್ಲಿ ತೆಳು ಸ್ಲರಿ. ಅದು ನಿಲ್ಲುವುದು ಮಣ್ಣಿನಲ್ಲಿ ತೋಡಿದ ಹೊಂಡದಲ್ಲಿ.

ಎಷ್ಟು ಸ್ಲರಿ ಅಂದುಕೊಂಡಿದ್ದೀರಿ? 400 ಕಿಲೋ ತೂಕದ ಒಂದು ಹಸು ದಿನಕ್ಕೆ 15ರಿಂದ 20 ಕಿಲೋ ಸಗಣಿ, ಹೆಚ್ಚೂಕಡಿಮೆ ಅಷ್ಟೇ ಲೀಟರ್ ಗಂಜಲ ಹಾಕುತ್ತದೆ. ಡೇರಿ ಮತ್ತು ಗೋಶಾಲೆಗಳಿಗೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಲೆಕ್ಕ ಇದು. ಹತ್ತು ಹಸುವಿಗೆ ದಿನಕ್ಕೆ 300ರಿಂದ 400 ಕಿಲೋ ಆಯಿತು. ತೊಳೆಯುವ ನೀರು ಬೇರೆ.

*ಗುಂಡಿ ಸೋರುತ್ತದೆಯೇ?*

"ವರ್ಷಗಟ್ಟಲೆ ಸ್ಲರಿ ನಿಂತೇ ಇದೆ, ಸೋರುವುದಾದರೆ ನಿಲ್ಲುತ್ತಿತ್ತೇ?" ಊರಿನವರು ಹೀಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಅದರಲ್ಲಿ ಅರ್ಧ ನಿಜವೂ ಇದೆ. ಸಗಣಿಯ ಸಣ್ಣ ಕಣಗಳು ಹೊಂಡದ ತಳದ ಮಣ್ಣಿನ ರಂಧ್ರಗಳಿಗೆ ಹೊಕ್ಕು ಕೂರುತ್ತವೆ. ಕೆಲವು ತಿಂಗಳಲ್ಲಿ ತಳದಲ್ಲಿ ಒಂದು ಪದರ ಕಟ್ಟಿ, ಸೋರುವುದು ಬಹಳ ಕಡಿಮೆಯಾಗುತ್ತದೆ. ಜೇಡಿಮಣ್ಣಿನಲ್ಲಿ ಈ ಪದರ ಚೆನ್ನಾಗಿ ಕಟ್ಟುತ್ತದೆ, ಮರಳು ಮಣ್ಣಿನಲ್ಲಿ ಅಷ್ಟಾಗಿ ಇಲ್ಲ.

ಆದರೆ ಕಡಿಮೆಯಾಗುವುದು ಬೇರೆ, ನಿಲ್ಲುವುದು ಬೇರೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹೊಂಡದ ತಳದಿಂದ ದಿನಕ್ಕೆ ಒಂದೇ ಒಂದು ಮಿಲಿಮೀಟರ್ ಇಂಗಿದರೂ ಅದು 100 ಲೀಟರ್. ವರ್ಷಕ್ಕೆ 36,500 ಲೀಟರ್. ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಸಿಲಿಗೆ ಆರಿತು ಅಂದುಕೊಳ್ಳುತ್ತೇವೆ.

ಇನ್ನು ಆ ಪದರ ಯಾವಾಗ ಒಡೆಯುತ್ತದೆ ನೋಡಿ. ಬೇಸಿಗೆಯಲ್ಲಿ ಹೊಂಡ ಖಾಲಿಯಾಗಿ ಒಣಗಿದಾಗ ತಳ ಬಿರುಕು ಬಿಡುತ್ತದೆ. ಉತ್ತರ ಕರ್ನಾಟಕ, ಸೊಲ್ಲಾಪುರ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮೊದಲ ಮಳೆ ಬಂದಾಗ ಹೊಂಡದ ನೀರು ಆ ಬಿರುಕುಗಳಲ್ಲಿ ನೇರ ಕೆಳಗಿಳಿಯುತ್ತದೆ. ಎರಡನೆಯದು ಜೆಸಿಬಿ. ಗೊಬ್ಬರ ತೆಗೆಸುವಾಗ "ಚೆನ್ನಾಗಿ ಕೆರೆದುಬಿಡಪ್ಪ" ಅಂತ ತಳದ ಹಸಿ ಮಣ್ಣು ಕಾಣುವವರೆಗೆ ಕೆರೆಸುತ್ತೇವೆ. ವರ್ಷಗಳಿಂದ ಕಟ್ಟಿದ್ದ ಪದರ ಹತ್ತು ನಿಮಿಷದಲ್ಲಿ ಹೋಗುತ್ತದೆ. ತಳದಲ್ಲಿ ಒಂದಷ್ಟು ದಪ್ಪ ಬಿಟ್ಟು ತೆಗೆಸಬೇಕು.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಯಾರೂ ಮಾತಾಡದ್ದು: ಬಿಟ್ಟುಬಿಟ್ಟ ಗುಂಡಿ. ಅಪ್ಪನಿಗೆ ವಯಸ್ಸಾಯಿತು, ದನ ಮಾರಿದಿರಿ, ಗುಂಡಿ ಹಾಗೇ ಬಿತ್ತು. ದನವೇ ಇಲ್ಲ, ಇನ್ನೇನು ತೊಂದರೆ ಅನ್ನಿಸುತ್ತದೆ. ಗುಂಡಿ ತುಂಬಿರುವಾಗ ಅದರ ಕೆಳಗಿನ ಮಣ್ಣಿಗೆ ಗಾಳಿ ತಾಗುವುದಿಲ್ಲ. ಸಗಣಿ ಗಂಜಲದ ಸಾರಜನಕ ಅಮೋನಿಯಂ ರೂಪದಲ್ಲಿ ಜೇಡಿಮಣ್ಣಿಗೆ ಅಂಟಿಕೊಂಡು ಕೂತಿರುತ್ತದೆ. ಗುಂಡಿ ಒಣಗಿ ಬಿರುಕಿನಲ್ಲಿ ಗಾಳಿ ಹೊಕ್ಕಾಗ ಮಣ್ಣಿನ ಬ್ಯಾಕ್ಟೀರಿಯಾಗಳು ಆ ಅಮೋನಿಯಂ ಅನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ. ಮಳೆ ನೀರಿನ ಜೊತೆ ಉಪ್ಪಿನಂತೆ ಕರಗಿ ಅಂತರ್ಜಲಕ್ಕೆ ಇಳಿಯುತ್ತದೆ. ಇಪ್ಪತ್ತು ವರ್ಷ ಕೂಡಿಟ್ಟಿದ್ದು ಕೆಲವು ಮಳೆಗಾಲದಲ್ಲಿ ಬಾವಿಯ ಕಡೆ ಹೊರಡುತ್ತದೆ.

ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾವಿಯ ನೀರು ಸ್ಫಟಿಕದ ಹಾಗೇ ಇರುತ್ತದೆ, ರುಚಿಯೂ ಅದೇ. "ನಮ್ಮ ಬಾವಿ ನೀರಿನ ರುಚಿ ಬಿಸ್ಲೆರಿಗೂ ಇಲ್ಲ" ಅನ್ನುವ ಮಾತು ನಿಜವೇ ಇರಬಹುದು. ಪರೀಕ್ಷೆ ಮಾಡದೆ ಗೊತ್ತಾಗುವ ವಿಷಯವಲ್ಲ.

*ಮಗುವಿಗೆ ಏನಾಗುತ್ತದೆ?*

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ಭಾರತೀಯ ಮಾನಕ 10500 ಹೇಳುತ್ತದೆ. ಬೇರೆ ಕೆಲವು ಅಂಶಗಳಿಗೆ ಬೇರೆ ನೀರು ಸಿಗದಿದ್ದರೆ ಸ್ವಲ್ಪ ಸಡಿಲಿಕೆ ಇದೆ, ನೈಟ್ರೇಟ್‌ಗೆ ಇಲ್ಲ. ಇಷ್ಟು ಬಿಗಿ ಯಾಕೆ?

1945ರಲ್ಲಿ ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಮೈ ನೀಲಿಗಟ್ಟಿದ್ದ ಹಸುಗೂಸುಗಳ ಬಗ್ಗೆ ಬರೆದರು. ಹೃದಯದ ತೊಂದರೆ ಇರಲಿಲ್ಲ, ಶ್ವಾಸಕೋಶದ ತೊಂದರೆಯೂ ಇರಲಿಲ್ಲ. ಆ ಮಕ್ಕಳಿಗೆ ಹಾಲು ಕಲಸಿಕೊಡುತ್ತಿದ್ದದ್ದು ಹೊಲಮನೆಯ ಬಾವಿ ನೀರಿನಲ್ಲಿ. ಆ ನೀರಿನಲ್ಲಿ ನೈಟ್ರೇಟ್ ವಿಪರೀತ ಇತ್ತು. ಇಂದು ಜಗತ್ತಿನಾದ್ಯಂತ ಇರುವ ಮಿತಿಗಳ ಬೇರು ಅಂಥ ಪ್ರಕರಣಗಳಲ್ಲೇ ಇದೆ.

ಒಳಗೆ ನಡೆಯುವುದು ಇಷ್ಟು. ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆಗುತ್ತದೆ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಮೆತ್‌ಹಿಮೋಗ್ಲೋಬಿನ್ ಆಗಿ ಬದಲಿಸುತ್ತದೆ. ಅದು ಆಮ್ಲಜನಕ ಹೊರಲಾರದು. ಮಗು ಉಸಿರಾಡುತ್ತಿರುತ್ತದೆ, ಆದರೆ ಮೈಗೆ ಉಸಿರು ತಲುಪುವುದಿಲ್ಲ. ದೊಡ್ಡವರ ದೇಹದಲ್ಲಿ ಇದನ್ನು ಸರಿಪಡಿಸುವ ಕಿಣ್ವ ಸಾಕಷ್ಟಿರುತ್ತದೆ. ಆರು ತಿಂಗಳೊಳಗಿನ ಮಗುವಿನಲ್ಲಿ ಅದು ಕಡಿಮೆ. ಅದರ ಹೊಟ್ಟೆಯಲ್ಲಿ ಆಮ್ಲವೂ ಕಡಿಮೆ, ಹಾಗಾಗಿ ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳು ಅಲ್ಲಿ ಸುಲಭವಾಗಿ ಬೆಳೆಯುತ್ತವೆ. ಜೊತೆಗೆ ಭೇದಿಯೂ ಇದ್ದರೆ ಅಪಾಯ ಇನ್ನೂ ಹೆಚ್ಚು.

ತುಟಿ, ಉಗುರು, ಕಿವಿಯ ಅಂಚು ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ತಡಮಾಡದೆ ಆಸ್ಪತ್ರೆಗೆ ಓಡಿ. ಕಂದು ಮೈಬಣ್ಣದ ಮಕ್ಕಳಲ್ಲಿ ಚರ್ಮಕ್ಕಿಂತ ತುಟಿಯ ಒಳಭಾಗ, ನಾಲಗೆ ನೋಡುವುದು ಒಳ್ಳೆಯದು. ರಕ್ತ ಚಾಕೊಲೇಟ್ ಬಣ್ಣಕ್ಕಿರುತ್ತದೆ, ಗಾಳಿ ತಾಗಿದರೂ ಕೆಂಪಾಗುವುದಿಲ್ಲ. ಇದಕ್ಕೆ ಮದ್ದಿದೆ, ಮೆಥಿಲೀನ್ ಬ್ಲೂ. ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು. ಮಗುವಿಗೆ ಬಾವಿ ನೀರು ಕೊಡುತ್ತಿದ್ದೆವು ಎನ್ನುವುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳದೆ ಇರಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. *ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಹೆಚ್ಚಾಗುತ್ತದೆ.* ಲೀಟರಿಗೆ 40 ಮಿಲಿಗ್ರಾಂ ಇರುವ ನೀರನ್ನು ಕಾಲುಭಾಗ ಆವಿಯಾಗುವಷ್ಟು ಕುದಿಸಿ ನೋಡಿ. ನೀರು ಹೋಯಿತು, ನೈಟ್ರೇಟ್ ಉಳಿಯಿತು: 53 ಮಿಲಿಗ್ರಾಂ. ಮಿತಿಯೊಳಗಿದ್ದ ನೀರು ಮಿತಿ ದಾಟಿತು. ಅಜ್ಜಿ ಅಕ್ಕರೆಯಿಂದ ಎರಡೆರಡು ಸಲ ಕುದಿಸಿದ್ದೇ ಇಲ್ಲಿ ತಿರುಗುಬಾಣವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ, ಪಟಿಕ, ಬ್ಲೀಚಿಂಗ್ ಪೌಡರ್ ಯಾವುದೂ ನೈಟ್ರೇಟ್ ತೆಗೆಯುವುದಿಲ್ಲ. ತಾಮ್ರದ ಕೊಡವೂ ಇಲ್ಲ. ಮನೆಯಲ್ಲಿ ಬಳಸುವ ಸಾಧನಗಳಲ್ಲಿ ತೆಗೆಯುವುದು ಆರ್‌ಒ, ಅದೂ ಅದರ ಮೆಂಬ್ರೇನ್ ಚೆನ್ನಾಗಿದ್ದರೆ.

ಎದೆಹಾಲು ಕುಡಿಯುವ ಮಗುವಿಗೆ ಈ ಭಯ ಬಹಳ ಕಡಿಮೆ. ತಾಯಿ ಕುಡಿದ ನೀರಿನ ನೈಟ್ರೇಟ್ ಹಾಲಿಗೆ ಹೆಚ್ಚಾಗಿ ಬರುವುದಿಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಹನಿ ನೀರೂ ಬೇಡ ಎನ್ನುವುದಕ್ಕೆ ಇದು ಇನ್ನೊಂದು ಕಾರಣ. ಪುಡಿ ಹಾಲು ಕೊಡಲೇಬೇಕಾದ ಮಗುವಾದರೆ, ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಹಾಲು ಕಲಸುವ ನೀರನ್ನು ಬೇರೆಯಾಗಿಯೇ ಇಡಿ. ಬಸುರಿಯರೂ ಬೇರೆ ನೀರು ಕುಡಿಯುವುದೇ ಲೇಸು.

ಇದೆಲ್ಲ ಎಲ್ಲೋ ದೂರದ ಮಾತಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ದೇಶದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು ಐದರಲ್ಲೊಂದು ನೈಟ್ರೇಟ್ ಮಿತಿ ದಾಟಿತ್ತು. ಹೆಚ್ಚು ತೊಂದರೆಯಿರುವ ರಾಜ್ಯಗಳ ಪಟ್ಟಿಯಲ್ಲಿ ರಾಜಸ್ಥಾನದ ಬೆನ್ನಿಗೇ ಕರ್ನಾಟಕ, ಅದರ ನಂತರ ತಮಿಳುನಾಡು. ಕರ್ನಾಟಕದ ಮಾದರಿಗಳಲ್ಲಿ ಹೆಚ್ಚೂಕಡಿಮೆ ಅರ್ಧ ಮಿತಿ ಮೀರಿದ್ದವು. ಎಲ್ಲವೂ ದನದ ಗುಂಡಿಯಿಂದಲೇ ಬಂದದ್ದಲ್ಲ. ಯೂರಿಯಾ ಇದೆ, ಶೌಚದ ಗುಂಡಿಗಳಿವೆ. ಹೊಲದ ಯೂರಿಯಾ ಊರಿಗೆಲ್ಲ ಹಂಚಿಹೋದ ತಪ್ಪು, ಒಬ್ಬರ ಕೈಯಲ್ಲಿಲ್ಲ. ಹಿತ್ತಲಿನ ಗುಂಡಿ ನಮ್ಮ ಕೈಯಲ್ಲೇ ಇದೆ, ಅಷ್ಟು ವ್ಯತ್ಯಾಸ.

*ಕರಾವಳಿಯವರಿಗೆ*

ಮುಂಬಯಿ ಕನ್ನಡಿಗರಲ್ಲಿ ದಕ್ಷಿಣ ಕನ್ನಡ, ಉಡುಪಿಯವರು ಬಹಳ. ಅಲ್ಲಿನ ನೆಲ ಮುರಕಲ್ಲು. ಆ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, ಜೇನುಗೂಡಿನಂತೆ ತೂತು. ಮಣ್ಣು ನೀರನ್ನು ನಿಧಾನವಾಗಿ ಸೋಸುತ್ತದೆ, ಮುರಕಲ್ಲಿನ ತೂತು ಸಂದುಗಳಿಗೆ ಆ ಸಾವಧಾನವಿಲ್ಲ. ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ ಬೇರೆ. ಎರಡು ಮೀಟರ್ ಆಳದ ತೆರೆದ ಗುಂಡಿಗೆ ನೀವು ಒಂದು ಬಕೆಟ್ ಸಗಣಿಯೂ ಹಾಕದಿದ್ದರೂ, ಮಳೆಯೊಂದೇ ಅದನ್ನು ತುಂಬಿ ಉಕ್ಕಿಸುತ್ತದೆ. ಅಷ್ಟು ಮಳೆ ನೈಟ್ರೇಟನ್ನು ತೆಳುವಾಗಿಸಬಹುದು. ಆದರೆ ರೋಗಾಣುಗಳನ್ನು ಬಾವಿಗೆ ಸಾಗಿಸುವುದೂ ಅದೇ ಮಳೆ.

ಗೊಬ್ಬರದ ರೋಗಾಣು ಬಾವಿಗೆ ಇಳಿದರೆ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಕೆನಡಾದ ಒಂದು ಸಣ್ಣ ಊರು ಸಾಕ್ಷಿ. ಒಂಟಾರಿಯೊ ಪ್ರಾಂತ್ಯದ ವಾಕರ್ಟನ್, ಜನಸಂಖ್ಯೆ ಸುಮಾರು 4,800. 2000ದ ಮೇ ತಿಂಗಳಲ್ಲಿ ಕೆಲವು ದಿನ ಜೋರು ಮಳೆ ಬಂತು. ಊರಿಗೆ ನೀರು ಕೊಡುವ ಐದನೇ ನಂಬರ್ ಬಾವಿ ಆಳವಿಲ್ಲದ್ದು, ಬಿರುಕು ಬಂಡೆಯದು. ಪಕ್ಕದ ಹೊಲಕ್ಕೆ ಹರಡಿದ್ದ ದನದ ಗೊಬ್ಬರದಿಂದ ಇ. ಕೋಲೈ ಓ157 ಎಂಬ ಅಪಾಯಕಾರಿ ತಳಿಯೂ ಇನ್ನೊಂದು ಬ್ಯಾಕ್ಟೀರಿಯಾವೂ ಬಾವಿಗಿಳಿದವು. 2,300ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಏಳು ಜನ ಸತ್ತರು. ಮುಂದೆ ನ್ಯಾಯಮೂರ್ತಿ ಡೆನ್ನಿಸ್ ಓಕಾನರ್ ನಡೆಸಿದ ವಿಚಾರಣೆಯಲ್ಲಿ ತಿಳಿದದ್ದು: ನೀರಿಗೆ ಕ್ಲೋರಿನ್ ಸರಿಯಾಗಿ ಹಾಕಿರಲಿಲ್ಲ, ಹಾಕಿದ್ದೇವೆ ಎಂದು ಪುಸ್ತಕದಲ್ಲಿ ಸುಳ್ಳು ಬರೆದಿದ್ದರು. ಗೊಬ್ಬರ ಹಾಕಿದ ರೈತನ ತಪ್ಪೇನೂ ಇರಲಿಲ್ಲ. ಎಲ್ಲರೂ ಹಾಕುವ ರೀತಿಯಲ್ಲೇ ಹಾಕಿದ್ದ. ಆ ಕೊನೆಯ ಸಂಗತಿ ನನ್ನನ್ನು ಹೆಚ್ಚು ಕಾಡಿದ್ದು.

ಇ. ಕೋಲೈ ಓ157 ಮಕ್ಕಳ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಊರಿಗೆ ಹೋದಾಗ ಮಗುವಿಗೆ ರಕ್ತಭೇದಿ ಆದರೆ, ಭೇದಿ ನಿಲ್ಲಿಸುವ ಮಾತ್ರೆಯನ್ನೂ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ಕನ್ನೂ ನೀವೇ ಕೊಡಬೇಡಿ. ಈ ತಳಿಯಲ್ಲಿ ಎರಡೂ ಕೆಡುಕು ಹೆಚ್ಚಿಸಬಹುದು. ವೈದ್ಯರಿಗೆ ತೋರಿಸಿ. ಅಂದಹಾಗೆ, ರೋಗಾಣುಗಳ ವಿಷಯದಲ್ಲಿ ಕುದಿಸುವುದು ಖಂಡಿತ ಕೆಲಸ ಮಾಡುತ್ತದೆ. ನೈಟ್ರೇಟ್ ವಿಷಯದಲ್ಲಿ ಮಾತ್ರ ಇಲ್ಲ. ಈ ಎರಡನ್ನು ಜನ ಗೊಂದಲ ಮಾಡಿಕೊಳ್ಳುವುದರಿಂದ ಮತ್ತೆ ಬರೆದೆ.

"ಸಗಣಿ ಪವಿತ್ರ, ಅದರಿಂದ ನೀರು ಕೆಡುವುದೇ?" ಎನ್ನುವ ಹಿರಿಯರು ಮನೆಯಲ್ಲಿದ್ದರೆ ವಾದಕ್ಕೆ ಹೋಗಬೇಡಿ. ಬಾವಿಕಟ್ಟೆಯ ಮೇಲೆ ಸಗಣಿ ಬುಟ್ಟಿ ಇಡಲು ಅವರೂ ಬಿಡುವುದಿಲ್ಲ. ನಾವು ಹೇಳುತ್ತಿರುವುದೂ ಅಷ್ಟೇ, ನೆಲದ ಕೆಳಗೂ ಅದೇ ಮಡಿ ಇರಲಿ ಅಂತ.

*ಏನು ಮಾಡಬೇಕು*

ಗುಂಡಿ ಬಾವಿಗಿಂತ ಇಳಿಜಾರಿನ ಕೆಳಗಿರಬೇಕು. ಬಾವಿಗೂ ಕೊಳಕಿಗೂ ಕನಿಷ್ಠ 15 ಮೀಟರ್ ಅಂತರ ಬೇಕೆಂದು ಸಮುದಾಯ ಆರೋಗ್ಯದ ಪಠ್ಯಗಳು ಹೇಳುತ್ತವೆ. ಮುರಕಲ್ಲು, ಬಿರುಕು ಬಿಟ್ಟ ಕಪ್ಪುಕಲ್ಲು, ಕಣಶಿಲೆ ಇದ್ದಲ್ಲಿ ಅದನ್ನು ಕನಿಷ್ಠ ಎಂದೇ ತಿಳಿಯಿರಿ, ಸಾಕೆಂದು ಅಲ್ಲ.

ತಳಕ್ಕೆ ಕಾಂಕ್ರೀಟ್ ಹಾಕಿಸುವುದು ಒಳ್ಳೆಯದು. ಖರ್ಚು ಹೆಚ್ಚಾದರೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ ಆಗುತ್ತದೆ. ಅದೂ ಆಗದಿದ್ದರೆ ಜೇಡಿಮಣ್ಣು ತಂದು ಪದರ ಪದರವಾಗಿ ನೀರು ಚಿಮುಕಿಸಿ ದಮ್ಮಸು ಹಾಕಿಸಬೇಕು, ಸುಮ್ಮನೆ ಸುರಿದರೆ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಮನೆಯವರಿಗೆ ಗೊತ್ತಿರುತ್ತದೆ. ಗುಂಡಿಯ ತಳ ಆ ಮಟ್ಟಕ್ಕಿಂತ ಸಾಕಷ್ಟು ಮೇಲಿರಬೇಕು. ಇಲ್ಲದಿದ್ದರೆ ಆಷಾಢದಲ್ಲಿ ಗುಂಡಿ ಅಂತರ್ಜಲದೊಳಗೇ ಕೂತಿರುತ್ತದೆ.

ಗುಂಡಿಗೆ ಒಂದು ತಗಡಿನ ಮಾಡು ಹಾಕಿಸಿ, ಸುತ್ತ ಒಂದಡಿ ಏರಿ ಕಟ್ಟಿಸಿ. ನನ್ನನ್ನು ಕೇಳಿದರೆ ಕಡಿಮೆ ದುಡ್ಡಿಗೆ ಹೆಚ್ಚು ಲಾಭ ಇದರಲ್ಲೇ. ಮಳೆ ನೀರು ಒಳಗೆ ಬೀಳದಿದ್ದರೆ ಉಕ್ಕುವುದೂ ಇಲ್ಲ, ಗೊಬ್ಬರದ ಸತ್ವವೂ ಉಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಗುಂಡಿ ಖಾಲಿ ಇರಲಿ, ಸ್ಲರಿಯನ್ನು ಬೆಳೆ ಇರುವ ಹೊಲಕ್ಕೆ ಹಾಯಿಸಿ. ನಾಳೆ ಮಳೆ ಅನ್ನುವಾಗ ಹಾಯಿಸಬೇಡಿ.

ಗೋಬರ್ ಗ್ಯಾಸ್ ಇದೆ, ನಮಗೆ ತೊಂದರೆಯಿಲ್ಲ ಎನ್ನುವವರಿದ್ದಾರೆ. ಗ್ಯಾಸ್ ಆಗಿ ಹೋಗುವುದು ಇಂಗಾಲ ಮತ್ತು ಜಲಜನಕ. ಸಾರಜನಕ ಸ್ಲರಿಯಲ್ಲೇ ಉಳಿಯುತ್ತದೆ, ಅದೂ ಬೇಗ ನೈಟ್ರೇಟ್ ಆಗುವ ರೂಪದಲ್ಲಿ. ಲೀಟರಿಗೆ 500 ಮಿಲಿಗ್ರಾಂ ಸಾರಜನಕ ಇರುವ ಸ್ಲರಿ ಎಂದು ಹಿಡಿಯೋಣ. ಗಟ್ಟಿ ಸ್ಲರಿಯಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ. ಅಂಥ ಒಂದು ಲೀಟರ್ ಪೂರ್ತಿ ನೈಟ್ರೇಟ್ ಆಗಿ ಇಳಿದರೆ ಸುಮಾರು 50 ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತರುತ್ತದೆ. ಹಾಗಾಗಿ ಪ್ಲಾಂಟಿನ ಹೊರಗಿನ ಸ್ಲರಿ ಗುಂಡಿಗೂ ತಳ ಬೇಕು.

ಕೊಳವೆಬಾವಿ ಇರುವವರು ಇನ್ನೊಂದು ನೋಡಿ. ಮಳೆ ನೀರು ಇಂಗಿಸಲು ಬೋರ್‌ವೆಲ್ ಸುತ್ತ ಗುಂಡಿ ತೋಡಿ ಜಲ್ಲಿ ತುಂಬಿಸುತ್ತೇವೆ. ಒಳ್ಳೆಯ ಕೆಲಸವೇ. ಆದರೆ ಅಂಗಳದ ನೀರಿನ ಜೊತೆ ಕೊಟ್ಟಿಗೆಯ ನೀರೂ ಅಲ್ಲಿಗೆ ಹರಿದರೆ, ಮಣ್ಣು ಸೋಸುವ ಅವಕಾಶವನ್ನೂ ಕೊಡದೆ ಅಂತರ್ಜಲಕ್ಕೆ ಇಂಜೆಕ್ಷನ್ ಕೊಟ್ಟ ಹಾಗೆ. ಇಂಗುಗುಂಡಿಗೆ ಮಾಡಿನ ನೀರು ಮಾತ್ರ ಹೋಗಲಿ. ಬತ್ತಿದ ಹಳೇ ಬೋರ್ ಇದ್ದರೆ ಮುಚ್ಚಿಸಿ. ಪುಣೆ, ಹೈದರಾಬಾದ್ ಹೊರವಲಯದಲ್ಲಿ ಫಾರ್ಮ್‌ಹೌಸ್ ಮಾಡಿಕೊಂಡು ನಾಲ್ಕು ಗೀರ್ ಹಸು ಕಟ್ಟಿರುವವರಿಗೂ, ತಬೇಲಾ ಪಕ್ಕದ ಸೊಸೈಟಿಯಲ್ಲಿ ಬೋರ್ ನೀರು ಬಳಸುವವರಿಗೂ ಇದೇ ಮಾತು.

ಬಿಟ್ಟ ಗುಂಡಿಯಿದ್ದರೆ ಅದರ ಹಳೇ ಸ್ಲರಿ ಮಾತ್ರವಲ್ಲ, ತಳದ ಕಪ್ಪಗಾದ ಮಣ್ಣನ್ನೂ ತೆಗೆಸಿ ಹೊಲಕ್ಕೆ ಹರಡಿ. ಜೇಡಿಮಣ್ಣು ತುಂಬಿಸಿ, ನೀರು ನಿಲ್ಲದಂತೆ ನಡು ಉಬ್ಬಿಸಿ, ಮೇಲೆ ನೇಪಿಯರ್ ಹುಲ್ಲು ನೆಡಿ. ಉಳಿದ ಸಾರಜನಕವನ್ನು ಹುಲ್ಲು ಎಳೆದುಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಆಳದ ಸ್ಲರಿ ಗುಂಡಿಗೆ, ಗೋಬರ್ ಗ್ಯಾಸ್ ತೊಟ್ಟಿಗೆ ಯಾರನ್ನೂ ಇಳಿಸಬೇಡಿ. ಕಲಕಿದಾಗ ಏಳುವ ವಿಷಾನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರೂ ಉಳಿಯುವುದಿಲ್ಲ. ಯಂತ್ರದಿಂದಲೇ ತೆಗೆಸಿ.

ಬಾವಿಯ ರೋಗಾಣುಗಳಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ಸಂಜೆ ಹಾಕಿ ಬೆಳಿಗ್ಗೆ ಬಳಸಿದರೆ ವಾಸನೆಯೂ ಇರುವುದಿಲ್ಲ. ಬಾವಿಯ ಒಳಗೋಡೆಯ ಮೇಲಿನ ಆರು ಮೀಟರ್ ಗಾರೆ ಹಾಕಿ ಸಂದಿಲ್ಲದಂತೆ ಮುಚ್ಚಿಸಿದರೆ ಮೇಲಿನ ಕೊಳಕು ನೀರು ಅಡ್ಡಡ್ಡ ಒಳಬರುವುದು ತಪ್ಪುತ್ತದೆ.

ಪರೀಕ್ಷೆಗೆ ತುಂಬ ಓಡಾಟವಿಲ್ಲ. ಜಲ ಜೀವನ್ ಮಿಷನ್ ಅಡಿಯ ಜಿಲ್ಲಾ, ತಾಲ್ಲೂಕು ಪ್ರಯೋಗಾಲಯಗಳು ಸಾರ್ವಜನಿಕರ ನೀರನ್ನೂ ಕಡಿಮೆ ಶುಲ್ಕಕ್ಕೆ ನೋಡಿಕೊಡುತ್ತವೆ. ಗ್ರಾಮ ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಕೇಳಿ. "ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾ" ಎಂದು ಎರಡನ್ನೂ ಹೆಸರಿಟ್ಟು ಕೇಳಿ, ಇಲ್ಲದಿದ್ದರೆ ಗಡಸುತನ ನೋಡಿ ಕಳಿಸುವುದುಂಟು. ಬ್ಯಾಕ್ಟೀರಿಯಾಗೆ ಕೊಡುವ ಸಣ್ಣ ಎಚ್2ಎಸ್ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬಿಟ್ಟಾಗ ಕಪ್ಪಾದರೆ ಬಾವಿಗೆ ಕೊಳಕು ಸೇರಿದೆ ಎಂದರ್ಥ. ವರ್ಷಕ್ಕೆ ಒಂದೇ ಸಲ ಮಾಡಿಸುವುದಾದರೆ ಬೇಸಿಗೆಯಲ್ಲಿ ಬೇಡ, ಮೊದಲ ಜೋರು ಮಳೆಗಳು ಬಂದು ಬಾವಿಯ ನೀರು ಏರಿದ ಮೇಲೆ ಮಾಡಿಸಿ. ನೀವು ಆಗ ಊರಿನಲ್ಲಿ ಇರುವುದಿಲ್ಲ. ಆದ್ದರಿಂದ ಈ ಲೇಖನವನ್ನು ಇಲ್ಲಿನ ಗುಂಪುಗಳಿಗಿಂತ ಮೊದಲು, ಈಗ ಊರಿನ ಮನೆಯಲ್ಲಿ ಇರುವವರಿಗೆ ಕಳಿಸಿ.